ನಾಲ್ಕರ ಗುಂಪಿನ ಪಕ್ಕ ಮೂವತ್ತಾರರ ಗುಂಪು

ಪ್ರಶ್ನೆ: ಸರ್, ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಲ್ಯಾಬಿಗೆ ಮಕ್ಕಳನ್ನು ಗುಂಪು ಮಾಡಲು ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಪುಟ ಬರೆದಿದ್ದೇನೆ. 40 ಹೆಸರುಗಳ ಅರೇ (ಪಟ್ಟಿ) ಇದೆ. ಫಾರ್ ಲೂಪಿನಲ್ಲಿ ‘ಐ’ ಸೊನ್ನೆಯಿಂದ ಹೊರಟು ಪ್ರತಿ ಸುತ್ತಿಗೂ ಗುಂಪಿನ ಗಾತ್ರದಷ್ಟು ಮುಂದೆ ಹೋಗುತ್ತದೆ. ಒಳಗೆ, ಅರೇಯಿಂದ ಒಂದು ತುಂಡನ್ನು ಕತ್ತರಿಸಿ ಕೊಡುವ ಸ್ಲೈಸ್‌ಗೆ ‘ಐ’ ಮತ್ತು ‘ಐ ಪ್ಲಸ್ ಗಾತ್ರ’ ಕೊಟ್ಟಿದ್ದೇನೆ. ಗಾತ್ರ 4 ಎಂದು ಕೋಡಿನಲ್ಲೇ ಬರೆದರೆ 10 ಗುಂಪು ಸರಿಯಾಗಿ ಬರುತ್ತವೆ. ಪುಟದ ಬಾಕ್ಸಿನಲ್ಲಿ 4 ಎಂದು ಟೈಪ್ ಮಾಡಿದರೆ ಮೊದಲ ಗುಂಪಿನಲ್ಲಿ 4, ಎರಡನೆಯದರಲ್ಲಿ ಉಳಿದ 36 ಮಕ್ಕಳೂ! ಇನ್ನೊಂದು ಪ್ರಶ್ನೆ: ಇಬ್ಬರು ಬಾರದ ದಿನ ಕೊನೆಯ ಗುಂಪಿಗೆ ಇಬ್ಬರೇ ಉಳಿಯುತ್ತಾರೆ. ಅದನ್ನು ತಪ್ಪಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಮೇಡಂ, ನೀವು ‘ಪ್ರೋಗ್ರಾಂ ಓಡುತ್ತಿಲ್ಲ’ ಎಂದಷ್ಟೇ ಬರೆಯದೆ 4 ಮತ್ತು 36 ಎಂದು ಎಣಿಸಿ ಬರೆದಿರಿ. ಆ ಎರಡು ಸಂಖ್ಯೆಗಳಿಂದಲೇ ಕಾರಣ ಸಿಕ್ಕಿತು.

ನಿಮ್ಮ ಲೂಪ್ ಸರಿಯಾಗಿದೆ. ಎಡವಟ್ಟು ಆಗಿರುವುದು ಬಾಕ್ಸಿನಿಂದ ಬಂದ 4ರಲ್ಲಿ. ಇನ್‌ಪುಟ್‌ನ ವ್ಯಾಲ್ಯೂ ಯಾವಾಗಲೂ ಸ್ಟ್ರಿಂಗ್, ಅಂದರೆ ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. ಟೈಪ್ ನಂಬರ್ ಎಂದು ಕೊಟ್ಟಿದ್ದರೂ ಅಷ್ಟೇ. ಪ್ಲಸ್‌ನ ಒಂದು ಕಡೆ ಸ್ಟ್ರಿಂಗ್ ಇದ್ದರೆ ಜಾವಾಸ್ಕ್ರಿಪ್ಟ್ ಕೂಡುವುದಿಲ್ಲ, ಅಂಟಿಸುತ್ತದೆ. ಸೊನ್ನೆಗೆ 4 ಅಂಟಿ ‘04’ ಆಯಿತು. ಸ್ಲೈಸ್ ಅದನ್ನು ಸಂಖ್ಯೆಯಾಗಿ ಓದಿಕೊಂಡು 4ಕ್ಕೆ ನಿಲ್ಲಿಸಿತು, ಹಾಗಾಗಿ ಮೊದಲ ಗುಂಪು ಸರಿ ಬಂತು. ಎರಡನೇ ಸುತ್ತಿಗೆ ‘ಐ’ ಎಂದರೆ ‘04’, ಅದಕ್ಕೆ ಮತ್ತೆ 4 ಅಂಟಿ ‘044’. ಅಂದರೆ 4ರಿಂದ 44ರವರೆಗೆ ಕತ್ತರಿಸು ಎಂದಂತಾಯಿತು. ಅರೇ 40ಕ್ಕೇ ಮುಗಿಯುತ್ತದೆ. ಸ್ಲೈಸ್ ಇದ್ದಷ್ಟನ್ನು ಕೊಟ್ಟು ಸುಮ್ಮನಾಗುತ್ತದೆ, ದೂರುವುದಿಲ್ಲ. ಗಾತ್ರ 3 ಎಂದು ಹಾಕಿ ನೋಡಿ: 3, 30, 7 ಎಂದು ಮೂರು ಗುಂಪು ಬರುತ್ತವೆ. ಈ ಲೆಕ್ಕವನ್ನು ಹಾಳೆಯ ಮೇಲೆ ನೀವೇ ಒಮ್ಮೆ ಬಿಡಿಸಬೇಕೆಂಬುದು ನನ್ನ ಆಸೆ.

ಲೂಪಿಗೆ ಮೊದಲು ಗಾತ್ರವನ್ನು ನಂಬರ್ ಫಂಕ್ಷನ್ನಿನಿಂದ ಸಂಖ್ಯೆ ಮಾಡಿಕೊಂಡರೆ ಇದು ಸರಿಹೋಗುತ್ತದೆ. ಆದರೆ ಅಲ್ಲಿಗೇ ಬಿಡಬೇಡಿ. ಖಾಲಿ ಬಾಕ್ಸನ್ನು ಆ ಫಂಕ್ಷನ್ ಸೊನ್ನೆ ಮಾಡುತ್ತದೆ. ಸೊನ್ನೆ ಕೂಡಿಕೊಂಡು ‘ಐ’ ನಿಂತಲ್ಲೇ ನಿಲ್ಲುತ್ತದೆ, ಲೂಪ್ ಮುಗಿಯುವುದೇ ಇಲ್ಲ, ಬ್ರೌಸರಿನ ಟ್ಯಾಬ್ ಕಲ್ಲಾಗುತ್ತದೆ. ಕನ್ನಡ ಕೀಲಿಮಣೆಯಲ್ಲಿ ಯಾರಾದರೂ ‘೪’ ಎಂದು ಒತ್ತಿದರೆ? ನಂಬರ್ ಫಂಕ್ಷನ್ನಿಗೆ ನಮ್ಮ ಅಂಕಿ ತಿಳಿಯದು; ‘ಇದು ಸಂಖ್ಯೆಯಲ್ಲ’ ಎಂಬರ್ಥದ ಎನ್‌ಎಎನ್ ಕೊಡುತ್ತದೆ, ನಿಮಗೆ ಒಂದೇ ಒಂದು ಖಾಲಿ ಗುಂಪು ಸಿಗುತ್ತದೆ. ಕನ್ನಡ ಶಾಲೆಯ ಪುಟ ಕನ್ನಡ ಅಂಕಿಯನ್ನು ಒಪ್ಪಲೇಬೇಕು. ಕಷ್ಟವೇನಿಲ್ಲ: ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘೦’ಯ ಸಂಕೇತ 3302, ಅಲ್ಲಿಂದ ‘೯’ರವರೆಗೆ ಸಾಲಾಗಿವೆ. ಅಕ್ಷರದ ಸಂಕೇತದಿಂದ 3302 ಕಳೆದರೆ ಅಂಕಿ ಕೈಗೆ ಬರುತ್ತದೆ. ‘೪’ರ ಸಂಕೇತ 3306. ಇಷ್ಟಾದ ಮೇಲೆ ಗಾತ್ರ ಪೂರ್ಣಾಂಕವೇ, 1ಕ್ಕಿಂತ ಕಡಿಮೆ ಇಲ್ಲವೇ ಎಂದು ನೋಡಿಯೇ ಲೂಪಿಗೆ ಬಿಡಿ.

ಸ್ಲೈಸ್ ಬದಲು ಸ್ಪ್ಲೈಸ್ ಬಳಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಮೂಲ ಅರೇಯಿಂದಲೇ ಹೆಸರುಗಳನ್ನು ಕಿತ್ತುಕೊಳ್ಳುತ್ತದೆ. ಗುಂಪು ಮಾಡಿ ಮುಗಿಸುವಷ್ಟರಲ್ಲಿ ನಿಮ್ಮ ಹಾಜರಿ ಪಟ್ಟಿ ಬರಿದು. ಲೋಡ್ಯಾಶ್ ಲೈಬ್ರರಿಯಲ್ಲಿ ಇದಕ್ಕೆಂದೇ ಚಂಕ್ ಎಂಬ ಫಂಕ್ಷನ್ ಇದೆ. ಇಷ್ಟು ಸಣ್ಣ ಪುಟಕ್ಕೆ ಅದು ಬೇಡ.

ಇನ್ನು 38 ಮಕ್ಕಳ ದಿನ. ನಾಲ್ಕರಂತೆ ಕತ್ತರಿಸಿದರೆ 9 ಗುಂಪು ತುಂಬಿ, ಹತ್ತನೆಯದು ಇಬ್ಬರದ್ದು. ಪ್ರಯೋಗದಲ್ಲಿ ಒಬ್ಬರು ಹಿಡಿದು, ಒಬ್ಬರು ಸುರಿದು, ಇನ್ನೊಬ್ಬರು ಬರೆದುಕೊಳ್ಳಬೇಕು; ಇಬ್ಬರಿಗೆ ಅದು ಭಾರ. ಇಲ್ಲಿ ಗಾತ್ರದ ಬದಲು ಗುಂಪುಗಳ ಸಂಖ್ಯೆಯಿಂದ ಹೊರಡಿ. 38ನ್ನು 4ರಿಂದ ಭಾಗಿಸಿ ಮ್ಯಾತ್‌ನ ಸೀಲ್‌ನಿಂದ ಮೇಲಕ್ಕೆ ಏರಿಸಿದರೆ 10 ಗುಂಪು. ಈಗ 38ನ್ನು 10ರಿಂದ ಭಾಗಿಸಿ: ಭಾಗಲಬ್ಧ 3, ಶೇಷ 8. ಪ್ರತಿ ಗುಂಪಿಗೂ 3 ಮಕ್ಕಳು, ಮೊದಲ 8 ಗುಂಪುಗಳಿಗೆ ಒಬ್ಬೊಬ್ಬರು ಹೆಚ್ಚು. ನಾಲ್ಕರ ಎಂಟು ಗುಂಪು, ಮೂರರ ಎರಡು ಗುಂಪು ಬರುತ್ತವೆ. ಹೆಜ್ಜೆಯ ಅಳತೆ ನಡುವೆ ಬದಲಾಗುವುದರಿಂದ ‘ಐ’ಗೆ ಒಂದೇ ಗಾತ್ರ ಕೂಡುತ್ತಾ ಹೋಗಲಾಗದು, ‘ಆರಂಭ’ ಎಂಬ ವೇರಿಯಬಲ್ ಇಟ್ಟುಕೊಂಡು, ಹಿಂದಿನ ಗುಂಪು ಎಲ್ಲಿ ಮುಗಿಯಿತೋ ಅಲ್ಲಿಂದ ಮುಂದಿನ ಸ್ಲೈಸ್ ಶುರು ಮಾಡಿ.