ಜೆರೇನಿಯಂ ಸತ್ತಿಲ್ಲ, ಕತ್ತರಿ ಹಾಕಿ

ಜೂನ್ ಪೂರ್ತಿ ನೀಲಿ ಹೂ ಬಿಟ್ಟ ‘ಜಾನ್ಸನ್ಸ್ ಬ್ಲೂ’ ತಳಿಯ ಜೆರೇನಿಯಂ ಈಗ ನಡುವೆ ಬಾಯಿ ಬಿಟ್ಟು ಮಲಗಿದೆ, ಕಿತ್ತು ಹಾಕಲಾ ಅಂತ ಇಂಗ್ಲೆಂಡಿನ ಲೀಡ್ಸ್‌ನಿಂದ ಕೇಳಿದ್ದೀರಿ. ಬೇಡ. ಒಂದು ಸುತ್ತು ಹೂ ಬಿಟ್ಟು ಸುಸ್ತಾಗಿದೆ ಅಷ್ಟೇ.

ಇಡೀ ಗಿಡವನ್ನು ನೆಲದಿಂದ ಎರಡು-ಮೂರು ಇಂಚು ಬಿಟ್ಟು ಕತ್ತರಿಸಿ. ಮೊದಲ ಸಲ ನನಗೂ ಕೈ ನಡುಗಿತ್ತು. ಬುಡದಲ್ಲಿ ಬಗ್ಗಿ ನೋಡಿ: ಅಂಗಿ ಗುಂಡಿಯಷ್ಟು ಚಿಕ್ಕ, ಮಡಚಿದ ಬೀಸಣಿಗೆಯಂಥ ಹೊಸ ಎಲೆಗಳು ಆಗಲೇ ಕಾಯುತ್ತಿರುತ್ತವೆ. ಅವಕ್ಕೆ ಕತ್ತರಿ ತಾಗಿಸಬೇಡಿ. ಆಮೇಲೆ ಒಂದು ಬಕೆಟ್ ನೀರು ಹಾಕಿ. ಎರಡು-ಮೂರು ವಾರದಲ್ಲಿ ಹಸಿರು ತುಂಬಿಕೊಳ್ಳುತ್ತದೆ, ಒಂದಿಷ್ಟು ಹೂ ಕೂಡ ಬರಬಹುದು. ಗೊಬ್ಬರ ಜಾಸ್ತಿ ಹಾಕಿದರೆ ಸುಮ್ನೆ ಸೊಪ್ಪು ಬೆಳೆದು ಮತ್ತೆ ಮಲಗುತ್ತದೆ.

ಚಳಿಗಾಲದಲ್ಲಿ ಒಳಗೆ ತರಬೇಕಾ ಅಂತಲೂ ಕೇಳಿದ್ದೀರಲ್ಲ. ಬೆಂಗಳೂರಿನ ಕುಂಡಗಳಲ್ಲಿ ನಾವು ನೋಡಿದ ‘ಜೆರೇನಿಯಂ’ ನಿಜಕ್ಕೂ ಪೆಲಾರ್ಗೋನಿಯಂ. ದಕ್ಷಿಣ ಆಫ್ರಿಕಾ ಕಡೆಯದು, ಹಿಮ ತಡೆಯಲ್ಲ. 1789ರಲ್ಲೇ ಜೆರೇನಿಯಂ, ಪೆಲಾರ್ಗೋನಿಯಂ ಎರಡನ್ನೂ ಬೇರೆ ಕುಲಗಳಾಗಿ ಮಾಡಿದ್ದಾರೆ, ಹಳೇ ಹೆಸರು ಮಾತ್ರ ಬಿಟ್ಟಿಲ್ಲ! ನಿಮ್ಮದು ಚಳಿ ತಡೆಯುವ ನಿಜವಾದ ಜೆರೇನಿಯಂ, ನೆಲದಲ್ಲೇ ಇರಲಿ. ಮೇಲೆಲ್ಲಾ ಒಣಗಿ ಮಾಯವಾಗುತ್ತದೆ, ವಸಂತದಲ್ಲಿ ಚಿಗುರುತ್ತದೆ. ಜಾಗ ಗೊತ್ತಾಗಲು ಒಂದು ಕಡ್ಡಿ ನೆಡಿ. ಖಾಲಿ ಜಾಗ ಅಂದುಕೊಂಡು ನಾನೊಮ್ಮೆ ಗುದ್ದಲಿ ಹಾಕಿಬಿಟ್ಟಿದ್ದೆ.