ಅಯೋಡಿನ್ ಜಾಸ್ತಿ ಹಾಕಿದರೂ ವೇಗ ಏಕೆ ಹೆಚ್ಚಲಿಲ್ಲ?

ಪ್ರಶ್ನೆ: ಲ್ಯಾಬಿನಲ್ಲಿ ಆಸಿಡ್ ಬೆರೆಸಿದ ಅಸಿಟೋನ್‌ಗೆ ಅಯೋಡಿನ್ ಹಾಕುವ ಪ್ರಯೋಗ ಮಾಡಿದೆವು. ಅಯೋಡಿನ್ ದುಪ್ಪಟ್ಟು ಮಾಡಿದರೂ ವೇಗ ಹಾಗೇ ಇತ್ತು. ಆದರೆ ಆಸಿಡ್ ದುಪ್ಪಟ್ಟು ಮಾಡಿದಾಗ ವೇಗವೂ ದುಪ್ಪಟ್ಟಾಯಿತು! ಸಮೀಕರಣದ ಎಡಗಡೆ ಇರುವುದು ಒಂದು ಅಸಿಟೋನ್, ಒಂದು ಅಯೋಡಿನ್. ರೇಟ್ ಲಾದಲ್ಲಿ (ಯಾವ ವಸ್ತು ಎಷ್ಟಿದ್ದರೆ ವೇಗ ಎಷ್ಟು ಎಂದು ಹೇಳುವ ಸೂತ್ರದಲ್ಲಿ) ಅಯೋಡಿನ್ ಬರಬೇಕಲ್ವಾ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ರೀಡಿಂಗ್ ಸರಿಯಾಗಿದೆ, ದಯವಿಟ್ಟು ಹೊಡೆದುಹಾಕಬೇಡಿ. ಸಮೀಕರಣ ನೋಡಿ ರೇಟ್ ಲಾ ಬರೆಯಲು ಬರುವುದಿಲ್ಲ. ಏನು ಖರ್ಚಾಯಿತು, ಏನು ಸಿಕ್ಕಿತು ಅನ್ನುವ ಕೊನೆಯ ಲೆಕ್ಕ ಮಾತ್ರ ಅದರಲ್ಲಿರುತ್ತದೆ. ನಡುವಿನ ಹಂತಗಳು ಕಾಣುವುದಿಲ್ಲ.

ಇಲ್ಲಿ ಮೊದಲು ಆಸಿಡ್‌ನ ಹೈಡ್ರೋಜನ್ ಅಯಾನು ಅಸಿಟೋನ್‌ನ ಆಕ್ಸಿಜನ್‌ಗೆ ಅಂಟಿಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಇದೆಲ್ಲ ಬಹಳ ಬೇಗ. ಹಾಗೆ ಅಂಟಿಕೊಂಡಿರುವಾಗಲೇ ನೀರಿನ ಅಣುವೊಂದು ಪಕ್ಕದ ಮೀಥೈಲ್ ಗುಂಪಿನಿಂದ ಒಂದು ಹೈಡ್ರೋಜನ್ ಕಿತ್ತುಕೊಂಡರೆ ಈನಾಲ್ (ಅಸಿಟೋನ್‌ನದೇ ಇನ್ನೊಂದು ರೂಪ) ಆಗುತ್ತದೆ. ಕಾರ್ಬನ್–ಹೈಡ್ರೋಜನ್ ಬಂಧ ಮುರಿಯುವ ಈ ಹಂತವೇ ನಿಧಾನ. ಈನಾಲ್ ಹುಟ್ಟಿದ್ದೇ ತಡ, ಅಯೋಡಿನ್ ಅದನ್ನು ಹಿಡಿದುಬಿಡುತ್ತದೆ. ಹಾಗಾಗಿ ಎಷ್ಟು ಅಯೋಡಿನ್ ಕಾದು ನಿಂತಿದ್ದರೂ ಈನಾಲ್ ಹುಟ್ಟುವ ವೇಗವೇ ಇಡೀ ರಿಯಾಕ್ಷನ್ನಿನ ವೇಗ:

ವೇಗ = ಕೆ × [ಅಸಿಟೋನ್] × [ಹೈಡ್ರೋಜನ್ ಅಯಾನು]
(ಕೆ ಒಂದು ಸ್ಥಿರಾಂಕ, ಚೌಕ ಆವರಣ ಅಂದರೆ ಆ ವಸ್ತುವಿನ ಸಾಂದ್ರತೆ.)

ಇದು ಸುಮ್ನೆ ಕಟ್ಟಿದ ಕಥೆಯಲ್ಲ. ಅಯೋಡಿನ್ ಬದಲು ಬ್ರೋಮಿನ್ ಹಾಕಿದಾಗಲೂ, ಅದು ಎಷ್ಟಿದ್ದರೂ ವೇಗ ಬದಲಾಗುವುದಿಲ್ಲ ಎಂದು ರಸಾಯನಶಾಸ್ತ್ರಜ್ಞ ಆರ್ಥರ್ ಲ್ಯಾಪ್‌ವರ್ತ್ 1904ರಲ್ಲೇ ತೋರಿಸಿದ್ದರು. ಬ್ರೋಮಿನ್ ಹಾಕಿ, ಅಯೋಡಿನ್ ಹಾಕಿ, ವೇಗ ಒಂದೇ! ನನಗೆ ಅತಿ ಇಷ್ಟವಾದ ಸಾಕ್ಷಿ ಇದೇ. ಇನ್ನು ಅಸಿಟೋನ್‌ನ ಹೈಡ್ರೋಜನ್ ಬದಲು ಡ್ಯುಟೀರಿಯಮ್ (ಭಾರದ ಹೈಡ್ರೋಜನ್, ಇದರ ಬಂಧ ಮುರಿಯುವುದು ನಿಧಾನ) ಇದ್ದರೆ ರಿಯಾಕ್ಷನ್ ಹಲವು ಪಟ್ಟು ನಿಧಾನವಾಗುತ್ತದೆ. ಮುರಿಯುತ್ತಿರುವ ಬಂಧ ಯಾವುದು ಅಂತ ಅಲ್ಲೇ ಗೊತ್ತಾಗುತ್ತದಲ್ಲ.

ಒಂದು ಎಚ್ಚರಿಕೆ: ಅಯೋಡಿನ್ ತೀರಾ ತೀರಾ ಕಡಿಮೆಯಾದರೆ ಕೊನೆಯ ಹಂತವೂ ನಿಧಾನವಾಗಿ, ಈ ನಿಯಮ ಕೈಕೊಡುತ್ತದೆ. ನಿಮ್ಮ ಲ್ಯಾಬಿನಲ್ಲಿ ಆ ಪ್ರಶ್ನೆ ಬರುವುದಿಲ್ಲ.

ಮುಂದಿನ ಸಲ ಆಗಾಗ ಸ್ವಲ್ಪ ದ್ರಾವಣ ತೆಗೆದು, ಸೋಡಿಯಂ ಬೈಕಾರ್ಬನೇಟ್ ಹಾಕಿ ರಿಯಾಕ್ಷನ್ ನಿಲ್ಲಿಸಿ, ಉಳಿದ ಅಯೋಡಿನ್ ಎಷ್ಟೆಂದು ಥಯೋ (ಸೋಡಿಯಂ ಥಯೋಸಲ್ಫೇಟ್) ಜೊತೆ ಟೈಟ್ರೇಟ್ ಮಾಡಿ ಅಳೆದು, ಸಮಯದ ಎದುರು ಗ್ರಾಫ್ ಹಾಕಿ. ಅಯೋಡಿನ್ ಗೆರೆ ನೇರವಾಗಿ ಇಳಿಯಬೇಕು. ಅಯೋಡಿನ್ ದುಪ್ಪಟ್ಟಾದರೆ ಇಳಿಜಾರು ಅದೇ, ಬಣ್ಣ ಹೋಗಲು ಮಾತ್ರ ಎರಡರಷ್ಟು ಸಮಯ. ಗೆರೆ ಬಾಗಿದರೆ ಅಸಿಟೋನ್, ಆಸಿಡ್ ಎರಡನ್ನೂ ಅಯೋಡಿನ್‌ಗಿಂತ ಬಹಳ ಜಾಸ್ತಿ ಇಟ್ಟಿದ್ದೀರಾ ಅಂತ ಮೊದಲು ನೋಡಿ.