ಶಂಕೆಯ ನೆರಳಿನಲ್ಲಿ ಪ್ರೇಮಿಗಳು

ಪ್ರಶ್ನೆ: ರಕ್ತಪಿಶಾಚಿಗಳೂ ತೋಳಮಾನವರೂ ಬರುವ ಪತ್ತೇದಾರಿ ಪ್ರೇಮಕಾದಂಬರಿಗಳಲ್ಲಿ ನಾಯಕಿಗೆ ಇಬ್ಬರು ಮೂವರು ಪ್ರೇಮಿಗಳೇಕೆ? ಕೊಲೆಯ ಕಥೆಗೆ ಇದು ಅಡ್ಡಿಯಲ್ಲವೆ?

ಉತ್ತರ: ಬರೆಯುವವರಿಗೆ ಹದ ತಪ್ಪಿದರೆ ಖಂಡಿತ ಅಡ್ಡಿಯೇ. ಆದರೆ ಪತ್ತೇದಾರಿ ಕಥೆಗೆ ಶಂಕಿತರು ಬೇಕು. ನಾಯಕಿಯ ಮನಸ್ಸು ವಾಲುವವರೇ ಶಂಕಿತರೂ ಆಗಿಬಿಟ್ಟರೆ, ಯಾರನ್ನು ಪ್ರೀತಿಸಲಿ, ಯಾರನ್ನು ನಂಬಲಿ ಎಂಬ ಎರಡು ಪ್ರಶ್ನೆಗಳು ಒಂದೇ ಆಗಿ, ಪ್ರತಿಯೊಂದು ಸುಳಿವೂ ಇಮ್ಮಡಿ ತೂಕ ಪಡೆಯುತ್ತದೆ.

ಅಮೆರಿಕದ ಲೇಖಕಿ ಶಾರ್ಲೇನ್ ಹ್ಯಾರಿಸ್ 2001ರಿಂದ 2013ರವರೆಗೆ ಬರೆದ 13 ಕಾದಂಬರಿಗಳ ಸೂಕಿ ಸ್ಟ್ಯಾಕ್‌ಹೌಸ್ ಮಾಲೆಯನ್ನೇ ನೋಡಿ. ಬಾರೊಂದರಲ್ಲಿ ಪರಿಚಾರಿಕೆಯಾಗಿರುವ ಸೂಕಿಗೆ ಎದುರಿಗಿರುವವರ ಆಲೋಚನೆಗಳು ಬೇಡವೆಂದರೂ ಕೇಳಿಸುತ್ತವೆ. ಹೀಗಾಗಿ ಸಾಮಾನ್ಯ ಗಂಡಸಿನೊಡನೆ ಒಂದು ಸಂಜೆ ಕಳೆಯುವುದೂ ಆಕೆಗೆ ಕಷ್ಟ. ಆದರೆ ರಕ್ತಪಿಶಾಚಿಗಳ ಮನಸ್ಸು, ಹಾಗಾಗಿ ರಕ್ತಪಿಶಾಚಿ ಬಿಲ್‌ನ ಮನಸ್ಸೂ, ಅವಳಿಗೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಆಕೆಗೆ ಸಿಗುವ ನೆಮ್ಮದಿಯೇ ಪ್ರೇಮಕ್ಕೆ ಕಾರಣ, ಅವನು ಏನನ್ನು ಮುಚ್ಚಿಟ್ಟಿದ್ದಾನೆಂದು ತಿಳಿಯಲಾಗದಿರುವುದಕ್ಕೂ ಅದೇ ಕಾರಣ. ಅಲೌಕಿಕ ಅಂಶವೊಂದು ಪ್ರೇಮವನ್ನೂ ರಹಸ್ಯವನ್ನೂ ಹೀಗೆ ಒಂದೇ ಗಂಟಿನಲ್ಲಿ ಕಟ್ಟುವುದು ಅಪರೂಪದ ಕುಶಲತೆ.

ಲಾರೆಲ್ ಕೆ. ಹ್ಯಾಮಿಲ್ಟನ್ 1993ರಲ್ಲಿ ಆರಂಭಿಸಿದ ಅನಿಟಾ ಬ್ಲೇಕ್ ಮಾಲೆಯ ದಾರಿ ಬೇರೆ. ಒಬ್ಬ ರಕ್ತಪಿಶಾಚಿ ಮತ್ತು ಒಬ್ಬ ತೋಳಮಾನವನ ನಡುವೆ ನಾಯಕಿ ಅನಿಟಾಳ ತೊಳಲಾಟ ಅಲ್ಲಿ ಮುಂದೆ ಹಲವು ಸಂಗಾತಿಗಳ ಬದುಕಾಗಿ ಬೆಳೆಯುತ್ತದೆ, ಆದರೆ ತನಿಖೆ ಹಿಂದೆ ಸರಿಯುತ್ತದೆ. ನಿಮ್ಮ ಆಕ್ಷೇಪಣೆ ಆ ನಂತರದ ಸಂಪುಟಗಳಿಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಎರಡು ಮಾಲೆಗಳನ್ನೂ ಮೊದಲ ಪುಸ್ತಕದಿಂದಲೇ ಓದಿ. ನಡುವಿನಿಂದ ಹಿಡಿದರೆ ಯಾರು ಯಾರನ್ನು ಬಿಟ್ಟರೆಂಬುದೇ ದೊಡ್ಡ ರಹಸ್ಯವಾದೀತು.